ಬಾಡಿಗೆ ನೆಲದ ತರಗತಿ: ಸೆಕೆಂಡ್ ಲೈಫ್ ಮತ್ತು ವಿಶ್ವವಿದ್ಯಾಲಯಗಳು

ವರ್ಚುವಲ್ ಜಗತ್ತುಗಳು ವಿಶ್ವವಿದ್ಯಾಲಯದ ಬೋಧನೆಯಲ್ಲಿ ಏಕೆ ಬೇರೂರಲಿಲ್ಲ? ಅಧ್ಯಾಪಕರ ಹಿಂಜರಿಕೆ, ದುರ್ಬಲ ಕಂಪ್ಯೂಟರ್, ನಿಧಾನದ ಇಂಟರ್ನೆಟ್ ಎಂಬ ಕಾರಣಗಳನ್ನು ಸಾಮಾನ್ಯವಾಗಿ ಕೊಡಲಾಗುತ್ತದೆ. ಇವು ಸುಳ್ಳಲ್ಲ. ಆದರೆ ಸೆಕೆಂಡ್ ಲೈಫ್ ಎಂಬ ವರ್ಚುವಲ್ ಜಗತ್ತಿನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ವಿಶ್ವವಿದ್ಯಾಲಯಗಳು ನಡೆಸಿದ ಪ್ರಯೋಗಗಳನ್ನು ಪರಿಶೀಲಿಸಿದರೆ ಇವಕ್ಕಿಂತ ಆಳದ ಕಾರಣವೊಂದು ಕಾಣುತ್ತದೆ: ಪಾಠ ನಡೆಯುವ ನೆಲದ ಒಡೆತನ.

ಸಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ 2003ರಲ್ಲಿ ಸೆಕೆಂಡ್ ಲೈಫನ್ನು ಆರಂಭಿಸಿತು. 2006ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ನೆಸನ್ ಮತ್ತು ಅವರ ಮಗಳು ರೆಬೆಕಾ ನೆಸನ್ ‘ಸೈಬರ್‌ಒನ್’ ಎಂಬ ಕಾನೂನು ಕೋರ್ಸಿಗೆ ಅದರೊಳಗಿನ ದ್ವೀಪವೊಂದನ್ನು ಬಳಸಿದರು. ಮರುವರ್ಷ ಗಾರ್ಟ್ನರ್ ಎಂಬ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು 2011ರ ಕೊನೆಗೆ ಸಕ್ರಿಯ ಇಂಟರ್ನೆಟ್ ಬಳಕೆದಾರರಲ್ಲಿ ಶೇ. 80 ಮಂದಿ ವರ್ಚುವಲ್ ಜಗತ್ತುಗಳಲ್ಲಿರುತ್ತಾರೆಂದು ಅಂದಾಜಿಸಿತು. ಆ ಉತ್ಸಾಹದಲ್ಲಿ ಅನೇಕ ವಿಶ್ವವಿದ್ಯಾಲಯಗಳು ದ್ವೀಪಗಳನ್ನು ಪಡೆದವು.

ದ್ವೀಪವೆಂದರೆ 256 ಮೀಟರ್ ಉದ್ದ, ಅಷ್ಟೇ ಅಗಲದ ಕಲ್ಪಿತ ಭೂಮಿ. ಆಗ ಅದರ ತಿಂಗಳ ಶುಲ್ಕ 295 ಡಾಲರ್ ಇತ್ತು. ಶಿಕ್ಷಣ ಸಂಸ್ಥೆಗಳಿಗೆ ಅದರ ಅರ್ಧ. ಈ ರಿಯಾಯಿತಿಯನ್ನು 2011ರ ಜನವರಿಯಿಂದ ನಿಲ್ಲಿಸುವುದಾಗಿ ಕಂಪನಿ 2010ರ ಅಕ್ಟೋಬರಿನಲ್ಲಿ ಪ್ರಕಟಿಸಿತು, ಅದೂ ಶೈಕ್ಷಣಿಕ ವರ್ಷದ ನಡುವೆ. ವಿಭಾಗಗಳ ಬಜೆಟ್ ಆಗಲೇ ನಿಗದಿಯಾಗಿತ್ತು. ಬಿಟ್ಟು ಹೋಗೋಣವೆಂದರೆ, ಕಟ್ಟಿದ್ದನ್ನೆಲ್ಲ ಇಡಿಯಾಗಿ ಹೊರಗೆ ಒಯ್ಯುವ ದಾರಿ ಇರಲಿಲ್ಲ. ಅಧ್ಯಾಪಕರು ರಾತ್ರಿಗಟ್ಟಲೆ ಕುಳಿತು ಕಟ್ಟಿದ ಪ್ರಯೋಗಾಲಯಗಳು ಕಂಪನಿಯ ಸರ್ವರಿನಲ್ಲೇ ಸಿಕ್ಕಿಕೊಂಡವು. 2013ರಲ್ಲಿ ರಿಯಾಯಿತಿ ಮರಳಿತಾದರೂ ವಿಶ್ವಾಸ ಅಷ್ಟು ಸುಲಭಕ್ಕೆ ಮರಳುವಂಥದ್ದಲ್ಲ.

ಇದಕ್ಕೆ ಪ್ರತಿಯಾಗಿ ನಿಲ್ಲುವ ನಿದರ್ಶನ ಬ್ರಿಟನ್ನಿನ ‘ಪ್ರಿವ್ಯೂ’ ಯೋಜನೆ. ನನ್ನ ದೃಷ್ಟಿಯಲ್ಲಿ ಈ ಇಡೀ ಅಧ್ಯಾಯದ ಅತ್ಯಂತ ಬೆಲೆಯುಳ್ಳ ಪಾಠ ಇಲ್ಲಿದೆ. ಕೊವೆಂಟ್ರಿ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಸೇಂಟ್ ಜಾರ್ಜ್ಸ್ ಸೇರಿ ನಡೆಸಿದ ಈ ಯೋಜನೆಯಲ್ಲಿ ಪ್ಯಾರಾಮೆಡಿಕ್ ವಿದ್ಯಾರ್ಥಿಗಳು ಸಣ್ಣ ಗುಂಪುಗಳಾಗಿ ಕಲ್ಪಿತ ರೋಗಿಯನ್ನು ಪರೀಕ್ಷಿಸಿ, ಚಿಕಿತ್ಸೆಯನ್ನು ತಾವೇ ನಿರ್ಧರಿಸುತ್ತಿದ್ದರು. ರೋಗಿ ಮತ್ತು ಉಪಕರಣಗಳು ಮಾತ್ರ ಸೆಕೆಂಡ್ ಲೈಫಿನೊಳಗೆ ಇದ್ದವು. ಪ್ರಕರಣದ ವಿವರ, ಪ್ರತಿ ನಿರ್ಧಾರದ ಪರಿಣಾಮ ಎಲ್ಲವೂ ‘ಪೈವೋಟ್’ ಎಂಬ ಮುಕ್ತ ತಂತ್ರಾಂಶದಲ್ಲಿ, ವೈದ್ಯಕೀಯ ಶಿಕ್ಷಣದ ಮಾನಕ ರೂಪದಲ್ಲಿ, ಹೊರಗಿನ ವೆಬ್ ಸರ್ವರಿನಲ್ಲಿದ್ದವು. ಅದೇ ಪ್ರಕರಣವನ್ನು ಸಾಮಾನ್ಯ ವೆಬ್‌ಪುಟದಲ್ಲೂ ನಡೆಸಬಹುದಿತ್ತು. ಜಗತ್ತು ಮುಚ್ಚಿದರೂ ಪಾಠ ಉಳಿಯುವ ವ್ಯವಸ್ಥೆ ಅದು. ಇಂಥ ಜಗತ್ತುಗಳನ್ನು ಸ್ವಂತ ಸರ್ವರಿನಲ್ಲಿ ನಡೆಸಲು 2007ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಓಪನ್‌ಸಿಮ್ಯುಲೇಟರ್ ಕೂಡ ಇಡೀ ದ್ವೀಪವನ್ನು ಒಂದೇ ಕಡತವಾಗಿ ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು.

ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. ಸುರತ್ಕಲ್‌ನ ಎನ್‌ಐಟಿಕೆ ಪಾಲ್ಗೊಂಡಿರುವ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಬ್ರೌಸರಿನಲ್ಲಿ ನಡೆಯುವ ಸರಳ ಪ್ರಯೋಗಗಳು, ಸುತ್ತುವರಿಯುವ ಜಗತ್ತುಗಳಲ್ಲ. ಆದರೆ ಅವು ಸಾರ್ವಜನಿಕ ಹಣದಲ್ಲಿ, ಸಾರ್ವಜನಿಕ ಸಂಸ್ಥೆಗಳ ಕೈಯಲ್ಲಿವೆ. ಈಗ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಖರೀದಿಗೆ ಟೆಂಡರ್ ಕರೆಯುವ ವಿಶ್ವವಿದ್ಯಾಲಯಗಳು, ಅಧ್ಯಾಪಕರು ರೂಪಿಸಿದ ಪಾಠವನ್ನು ಮುಕ್ತ ರೂಪದಲ್ಲಿ ಹೊರತೆಗೆಯುವ ಹಕ್ಕನ್ನು ಒಪ್ಪಂದದ ಮೊದಲ ಷರತ್ತಾಗಿಯೇ ಬರೆಸಿಕೊಳ್ಳಬೇಕು.