ಬಿ ಟು (ಇಂಗ್ಲಿಷ್ ವ್ಯಾಕರಣ)

'ಬಿ ಟು' ಎಂಬುದು ಮುಂದೆ ನಡೆಯಲು ನಿಗದಿಯಾದ ಕಾರ್ಯವನ್ನು ಅಥವಾ ಒಬ್ಬರಿಗೆ ವಿಧಿಸಲಾದ ಕರ್ತವ್ಯವನ್ನು ಸೂಚಿಸುವ ಇಂಗ್ಲಿಷ್ ಕ್ರಿಯಾಪದ ರಚನೆ. ಆ್ಯಮ್, ಈಸ್, ಆರ್, ವಾಸ್, ವರ್ ಎಂಬ ರೂಪಗಳಲ್ಲಿ ಒಂದರ ನಂತರ 'ಟು' ಮತ್ತು ಮೂಲ ಕ್ರಿಯಾಪದ ಸೇರಿದಾಗ ಇದು ಸಿದ್ಧವಾಗುತ್ತದೆ.

ಅರ್ಥಗಳು

ನಿಗದಿ: 'ದ ಮಿನಿಸ್ಟರ್ ಈಸ್ ಟು ವಿಸಿಟ್ ಮೈಸೂರು' ಎಂದರೆ ಸಚಿವರು ಮೈಸೂರಿಗೆ ಭೇಟಿ ನೀಡಲಿದ್ದಾರೆ. ಪತ್ರಿಕೆಗಳ ಶೀರ್ಷಿಕೆಗಳಲ್ಲಿ 'ಈಸ್' ಲೋಪವಾಗಿ 'ಟು' ಮಾತ್ರ ಉಳಿಯುವುದು ವಾಡಿಕೆ.

ಆಜ್ಞೆ: 'ಯು ಆರ್ ಟು ರಿಪೋರ್ಟ್ ಅಟ್ ನೈನ್' ಎಂದರೆ ನೀವು 9 ಗಂಟೆಗೆ ಹಾಜರಾಗತಕ್ಕದ್ದು. ಈ ಆಜ್ಞೆ ಹೇಳುವವರದೇ ಆಗಿರಬೇಕಿಲ್ಲ. ಮೇಲಿನವರ ಆದೇಶವನ್ನು ತಲುಪಿಸುವಾಗಲೂ ಇದೇ ರೂಪ ಬಳಕೆಯಾಗುತ್ತದೆ. 'ನಾಟ್' ಸೇರಿದರೆ ನಿಷೇಧವಾಗುತ್ತದೆ.

ನೆರವೇರದ ಯೋಜನೆ: 'ಹಿ ವಾಸ್ ಟು ಹ್ಯಾವ್ ಕಮ್' ಎಂದರೆ ಅವನು ಬರಬೇಕಾಗಿತ್ತು, ಆದರೆ ಬರಲಿಲ್ಲ.

ಮಿತಿಗಳು

ಮನುಷ್ಯರ ಏರ್ಪಾಡಿಗೆ ಒಳಪಡದ ಸಂಗತಿಗಳಿಗೆ ನಿಗದಿಯ ಅರ್ಥ ಹೊಂದುವುದಿಲ್ಲ. ಆದ್ದರಿಂದ ನಾಳೆ ಮಳೆ ಬರುತ್ತದೆ ಎನ್ನಲು 'ಇಟ್ ಈಸ್ ಟು ರೇನ್' ಎನ್ನುವುದಿಲ್ಲ. 'ವಿಲ್ ಬಿ ಟು ಗೋ' ಎಂಬ ಪ್ರಯೋಗವೂ ಅಸಾಧು. 'ಹಿಸ್ ಏಮ್ ಈಸ್ ಟು ಟೀಚ್' ಎಂಬ ವಾಕ್ಯ ನೋಟಕ್ಕೆ ಹೀಗೆಯೇ ಕಂಡರೂ ಈ ರಚನೆಯಲ್ಲ. ಅಲ್ಲಿ ಬೋಧನೆಯೇ ಗುರಿ ಎಂದಷ್ಟೇ ಅರ್ಥ.

ಕನ್ನಡಾನುವಾದ

ಕನ್ನಡದಲ್ಲಿ ನಿಗದಿಗೆ 'ಸೇರಲಿದ್ದಾರೆ', ಆಜ್ಞೆಗೆ 'ಸೇರತಕ್ಕದ್ದು' ಎಂಬ ಬೇರೆ ಬೇರೆ ರೂಪಗಳಿವೆ. 'ದ ಸ್ಟೂಡೆಂಟ್ಸ್ ಆರ್ ಟು ಅಸೆಂಬಲ್' ಎಂಬುದು ಸುದ್ದಿಯೋ ಸುತ್ತೋಲೆಯೋ ಎಂಬುದನ್ನು ಸಂದರ್ಭದಿಂದಲೇ ನಿರ್ಣಯಿಸಬೇಕು. ತಪ್ಪಿದರೆ ಆದೇಶವು ಬರಿಯ ವರದಿಯಾಗಿಬಿಡುತ್ತದೆ.