ಚೌಕ ಚೌಕದ ಕನ್ನಡ, ಜೋಡಿ ರ‍್ಯಾಮ್



2004ರ ಮಾತು. ಗಡಿಯ ಈ ಕಡೆ, ನೀಲಗಿರಿಯಲ್ಲಿ ಕನ್ನಡ ಕಲಿಸುವ ನಮ್ಮ ಶಾಲೆಗೆ ದಾನಿಗಳೊಬ್ಬರು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಅದರಲ್ಲಿದ್ದದ್ದು ವಿಂಡೋಸ್ 2000, ಮೆಮೊರಿ 64 ಎಂಬಿ. ಮೈಸೂರಿನ ಗೆಳೆಯರು ಯೂನಿಕೋಡ್‌ನಲ್ಲಿ ಟೈಪು ಮಾಡಿದ ಪಾಠವೊಂದನ್ನು ಫ್ಲಾಪಿಯಲ್ಲಿ ಕಳಿಸಿದ್ದರು. ತೆರೆದರೆ ಪರದೆ ತುಂಬ ಬರೀ ಚೌಕಗಳು! ಏಳನೆಯ ತರಗತಿಯ ಹುಡುಗಿ ಕೇಳಿದಳು: "ಸಾರ್, ಇದರಲ್ಲಿ ತಮಿಳು ಬರುತ್ತೆ. ನಮ್ಮದು ಯಾಕೆ ಬರಲ್ಲ?"

ಪ್ರಶ್ನೆ ಚುಚ್ಚಿತು. ಉತ್ತರ ಹುಡುಕಿದೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಜಾಗವಿದ್ದರೆ ಸಾಲದು, ಒತ್ತಕ್ಷರಗಳನ್ನು ಜೋಡಿಸುವ ವ್ಯವಸ್ಥೆಯೂ ಫಾಂಟೂ ಬೇಕು. ವಿಂಡೋಸ್ 2000ರಲ್ಲಿ ದೇವನಾಗರಿ ಮತ್ತು ತಮಿಳಿಗೆ ಮಾತ್ರ ಆ ಭಾಗ್ಯ. ಕನ್ನಡಕ್ಕೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, 'ತುಂಗಾ' ಫಾಂಟಿನೊಂದಿಗೆ. ಬರಹ, ನುಡಿ ತಂತ್ರಾಂಶಗಳಲ್ಲಿ ನಾವು ಕನ್ನಡ ಬರೆಯುತ್ತಿದ್ದೆವು, ನಿಜ. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಬರೆದದ್ದು ಆ ಫಾಂಟು ಇಲ್ಲದ ಕಡೆ ಅರ್ಥವಾಗದ ಗೀಚಾಗುತ್ತಿತ್ತು.

ಹಾಗಾದರೆ ಎಕ್ಸ್‌ಪಿ ಹಾಕೋಣ ಎಂದರೆ ಇನ್ನೊಂದು ಅಡ್ಡಿ. ಅದಕ್ಕೆ 64 ಎಂಬಿ ಕನಿಷ್ಠ, 128 ಎಂಬಿ ಇದ್ದರೆ ಒಳ್ಳೆಯದು ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಮೆಮೊರಿ ಎಂದರೆ ಮೇಜು, ಹಾರ್ಡ್ ಡಿಸ್ಕ್ ಎಂದರೆ ಬೀರು. ಮೇಜು ಚಿಕ್ಕದಾದರೆ ಪ್ರತಿ ಪುಸ್ತಕಕ್ಕೂ ಎದ್ದು ಬೀರುವಿನ ಹತ್ತಿರ ಹೋಗಬೇಕು. ಕಂಪ್ಯೂಟರ್ ನಿಧಾನವಾಗುವುದು ಹೀಗೆ.

ಈ ಮೇಜಿಗೂ ಒಂದು ಚರಿತ್ರೆ ಇದೆ. ಊಟಿಯ ಬಳಿ ಮುತ್ತೊರೈಯಲ್ಲಿ ಗುಡ್ಡದ ಇಳಿಜಾರಿನಲ್ಲಿ ಮಲಗಿರುವ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವನ್ನು ನಮ್ಮ ಮಕ್ಕಳು ಬಲ್ಲರು. 1970ರಲ್ಲಿ ಅದನ್ನು ಕಟ್ಟಿದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಅದೇ ಸಂಸ್ಥೆ ಅದಕ್ಕೆ ಹತ್ತು ವರ್ಷ ಮೊದಲು, 1960ರಲ್ಲಿ, ಮುಂಬೈಯಲ್ಲಿ ಟಿಫ್ರಾಕ್ ಎಂಬ ಕಂಪ್ಯೂಟರನ್ನು ಚಾಲನೆಗೆ ತಂದಿತ್ತು. ಅದರ ನೆನಪು ಸಣ್ಣ ಕಾಂತೀಯ ಉಂಗುರಗಳಲ್ಲಿ. ತಲಾ 40 ಬಿಟ್‌ನ 2,048 ಪದಗಳು, ಅಂದರೆ ಈಗಿನ ಲೆಕ್ಕದಲ್ಲಿ ಸುಮಾರು 10 ಕೆಬಿ. 'ಕನ್ನಡ' ಎಂಬ ಪದಕ್ಕೆ ಯೂನಿಕೋಡ್‌ನಲ್ಲಿ ಐದು ಸಂಕೇತ, ತಲಾ ಎರಡು ಬೈಟ್ ಎಂದರೆ ಹತ್ತು ಬೈಟ್. ಆ ಇಡೀ ಯಂತ್ರದ ನೆನಪಿನಲ್ಲಿ 'ಕನ್ನಡ' ಎಂದು 1,024 ಸಲ ಬರೆಯಬಹುದಿತ್ತು, ಅಷ್ಟೇ!

1966ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಒಂದು ಬಿಟ್‌ಗೆ ಒಂದೇ ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸಾಕೆಂದು ಕಂಡುಕೊಂಡರು. 1970ರಲ್ಲಿ ಇಂಟೆಲ್‌ನ 1103 ಚಿಪ್ ಬಂತು, 1,024 ಬಿಟ್. ಉಂಗುರಗಳ ಕಾಲ ಮುಗಿಯುತ್ತ ಬಂತು.

ಜೋಡಿಯ ಕತೆ ಅಲ್ಲಿಂದ ಮುಂದೆ. 30 ಪಿನ್ನಿನ ಹಳೆಯ ಸಿಮ್ ಪಟ್ಟಿ (ಫೋನಿನ ಸಿಮ್ ಅಲ್ಲ!) ಒಂದು ಸಲಕ್ಕೆ 8 ಬಿಟ್ ಕೊಡುತ್ತಿತ್ತು. 32 ಬಿಟ್ ಕೇಳುವ 486ಕ್ಕೆ ಒಂದೇ ತರಹದ ನಾಲ್ಕು ಬೇಕು. 72 ಪಿನ್ನಿನದು 32 ಬಿಟ್ ಕೊಟ್ಟಿತು. 1993ರ ಪೆಂಟಿಯಂ 64 ಕೇಳಿದ್ದರಿಂದ ಎರಡು ಬೇಕು. 168 ಪಿನ್ನಿನ ಡಿಮ್ ಪಟ್ಟಿ 64 ಬಿಟ್ಟನ್ನೂ ತಾನೇ ಕೊಟ್ಟಿತು, ಒಂಟಿ ಸಾಕಾಯಿತು. ಆದರೆ ಪ್ರೊಸೆಸರ್‌ಗಳ ವೇಗಕ್ಕೆ ಮೆಮೊರಿ ಹಿಂದೆ ಬಿತ್ತು. 2003ರಲ್ಲಿ ಇಂಟೆಲ್‌ನ 865, 875 ಚಿಪ್‌ಸೆಟ್‌ಗಳು ಎರಡು ಪಟ್ಟಿಗಳಿಂದ ಒಟ್ಟಿಗೆ ಓದುವ 'ಡ್ಯುಯಲ್ ಚಾನೆಲ್' ತಂದಾಗ ಜೋಡಿ ಮರಳಿ ಬಂತು. ವ್ಯತ್ಯಾಸ ಇಷ್ಟೇ: ಹಿಂದೆ ಜೋಡಿ ಇಲ್ಲದಿದ್ದರೆ ಯಂತ್ರವೇ ಏಳುತ್ತಿರಲಿಲ್ಲ. ಈಗ ಏಳುತ್ತದೆ, ಒಂದೇ ದಾರಿಯಲ್ಲಿ ನಡೆಯುತ್ತದೆ.

ಇದೆಲ್ಲ ತಿಳಿಯದ ಕಾಲದಲ್ಲಿ ನಾನು ಬಂಡೀಪುರದ ದಾರಿಯಲ್ಲಿ ಬಸ್ಸು ಹಿಡಿದು ಮೈಸೂರಿಗೆ ಹೋಗಿ ಡಿಡಿಆರ್ ಪಟ್ಟಿ ತಂದೆ. ಕೂರಲಿಲ್ಲ! ನಮ್ಮದು ಎರಡು ಕಚ್ಚಿನ ಎಸ್‌ಡಿರ‍್ಯಾಮ್, ತಂದದ್ದಕ್ಕೆ ಒಂದೇ ಕಚ್ಚು. ಮುಂದಿನ ವಾರ ಹಳೆಯ ಪಟ್ಟಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ಅಂಥದ್ದೇ 64 ಎಂಬಿ ತಂದೆ. ಈ ಸಲ ಕೂತಿತು. ಸ್ವಿಚ್ ಹಾಕಿದಾಗ ಕಪ್ಪು ಪರದೆಯ ಮೇಲೆ ಅಂಕಿ ಓಡಿ 131072ಕ್ಕೆ ನಿಂತಿತು.

ನಮ್ಮ ಬೋರ್ಡಿಗೆ ಡ್ಯುಯಲ್ ಚಾನೆಲ್ ಇರಲಿಲ್ಲ. ಒಂದೇ ತರಹದ್ದು ಹಾಕಿದ್ದರಿಂದ ವೇಗ ಇಮ್ಮಡಿಯಾಗಲಿಲ್ಲ. ನಿಧಾನದ ಪಟ್ಟಿ ಸೇರಿಸಿದರೆ ವೇಗದ್ದೂ ಅದರ ಹೆಜ್ಜೆಗೇ ಇಳಿಯುತ್ತದೆ, ಆ ತೊಂದರೆ ತಪ್ಪಿತು. ನಿಜವಾದ ಲಾಭ ಮೇಜು ದೊಡ್ಡದಾದದ್ದು. ಎಕ್ಸ್‌ಪಿ ಹಾಕಿ, ಭಾರತೀಯ ಲಿಪಿಗಳ ಸೌಲಭ್ಯ ಸೇರಿಸಿದೆವು. ಚೌಕಗಳು ಹೋಗಿ ಅಕ್ಷರಗಳು ಬಂದವು. ಪಾಠದ ಮೊದಲ ಸಾಲನ್ನು ಓದಿದ್ದು ಅದೇ ಹುಡುಗಿ.

ಇಂದು ಮಕ್ಕಳ ಕೈಯ ಫೋನಿನಲ್ಲೇ ಕನ್ನಡ ಸರಾಗವಾಗಿ ಬರುತ್ತದೆ. ಆದರೂ ನಮ್ಮಂಥ ಶಾಲೆಗಳಿಗೆ ಹಳೆಯ ಕಂಪ್ಯೂಟರುಗಳು ಬರುತ್ತಲೇ ಇರುತ್ತವೆ. ಬಂದಾಗ ಮೊದಲು ಜಾತಿ ನೋಡಿ: ಡಿಡಿಆರ್3, 4, 5 ಒಂದರ ಜಾಗದಲ್ಲಿ ಇನ್ನೊಂದು ಕೂರದು. ಆಮೇಲೆ ಸಾಮರ್ಥ್ಯ, ಕೊನೆಗೆ ಜೋಡಿ. ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹ ಮುಟ್ಟಿ, ಆಮೇಲೆ ಕೈ ಹಾಕಿ. ಅಂಗಡಿಗೆ ಹೋಗುವಾಗ ಹಳೆಯ ಪಟ್ಟಿ ಜೇಬಿನಲ್ಲಿರಲಿ. ನನ್ನ ಹಾಗೆ ಎರಡು ಸಲ ಬಸ್ ಚಾರ್ಜು ಕೊಡಬೇಡಿ!