ಕೆಂಭಾವಿ ಸೀಮೆಯಲ್ಲಿ ಬಸ್ಸಿನ ಕಾಲಮಾನ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿಗೆ ಸೇರಿದ ಕೆಂಭಾವಿ, ಚಾಲುಕ್ಯರ ಕಾಲದ ಶಾಸನಗಳಿಂದಲೂ ವಚನಕಾರ ಭೋಗಣ್ಣನ ಹೆಸರಿನಿಂದಲೂ ಚರಿತ್ರೆಯಲ್ಲಿ ಗುರುತಾಗಿರುವ ಊರು. ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ಈ ಎರೆನೆಲದ ಸೀಮೆಗೆ ಪಶ್ಚಿಮದಲ್ಲಿ ಡೋಣಿ ನದಿಯೂ ಅಡ್ಡ ಬರುತ್ತದೆ. ಮುಂಬೈ ಕಡೆಯಿಂದ ಬಂದ ರೈಲುದಾರಿ 1871ರಲ್ಲಿ ರಾಯಚೂರು ಮುಟ್ಟಿತಾದರೂ ಅದು ಭೀಮೆಯ ಆಚೆ ದಡದ ಯಾದಗಿರಿಯ ಮೂಲಕ ಹಾದುಹೋದದ್ದರಿಂದ, ಶಹಾಪುರ, ಸುರಪುರ, ಕೆಂಭಾವಿಗಳ ಜನರಿಗೆ ರೈಲು ಹತ್ತುವುದೆಂದರೆ ಮೊದಲು ಒಂದು ಹೊಳೆ ದಾಟುವ ಕೆಲಸವಾಗಿತ್ತು. ಹೀಗಾಗಿ ಇಲ್ಲಿ ದೂರದ ಪ್ರಯಾಣದ ಚರಿತ್ರೆ ಬಹುಮಟ್ಟಿಗೆ ರಸ್ತೆಯ ಚರಿತ್ರೆಯೇ ಆಗಿದೆ. ಆ ರಸ್ತೆಯ ಮೇಲೆ ಓಡಿದ ಬಸ್ಸಿನ ವೇಳೆಯನ್ನು ನಿರ್ಧರಿಸಿದ್ದರಲ್ಲಿ ಕಚೇರಿಯ ಆದೇಶಕ್ಕಿಂತ ಮಳೆ, ಜಾತ್ರೆ ಮತ್ತು ಗುಳೆಯ ಪಾಲು ದೊಡ್ಡದು.

ಈ ಸೀಮೆ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಬಸ್ ಸೇವೆ 1932ರ ಜೂನ್ ತಿಂಗಳಲ್ಲಿ, 27 ಬಸ್ಸು ಮತ್ತು 166 ನೌಕರರೊಂದಿಗೆ, ನಿಜಾಮರ ರೈಲ್ವೆಯ ಒಂದು ಶಾಖೆಯಾಗಿ ಆರಂಭವಾಯಿತು. ಗಡಿಯಾಚೆ ಮುಂಬೈ ಪ್ರಾಂತ್ಯದಲ್ಲಿ ಸರ್ಕಾರಿ ಬಸ್ಸು ಓಡತೊಡಗಿದ್ದು 1948ರ ಜೂನ್‌ನಲ್ಲಿ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಅದೇ ವರ್ಷದ ಸೆಪ್ಟೆಂಬರ್ 12ರಂದು ಕಾರ್ಯಾರಂಭ ಮಾಡಿದರೆ, ಮರುದಿನವೇ ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಮುಂದೆ ಎಂಟು ವರ್ಷಕ್ಕೆ ಈ ಸೀಮೆ ಅದೇ ಮೈಸೂರು ಇಲಾಖೆಯ ಪಾಲಿಗೆ ಬರಲಿದೆಯೆಂದು ಅಂದು ಯಾರೂ ಎಣಿಸಿರಲಾರರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಮೂರೂ ವ್ಯವಸ್ಥೆಗಳ ಕನ್ನಡ ಭಾಗಗಳು ಒಂದೇ ಆಡಳಿತಕ್ಕೆ ಸೇರಿದವು, 1961ರ ಆಗಸ್ಟ್ 1ರಂದು ಇಲಾಖೆ ನಿಗಮವಾಯಿತು, 2000ದಲ್ಲಿ ಕಲಬುರಗಿ ಕೇಂದ್ರವಾಗಿ ಈಶಾನ್ಯ ಸಾರಿಗೆ ನಿಗಮ ಬೇರ್ಪಟ್ಟು 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂದು ಹೆಸರು ಪಡೆಯಿತು.

ರೈಲಿನ ಮನೆಯಲ್ಲಿ ಹುಟ್ಟಿದ ಬಸ್ಸಿಗೆ ನಿಮಿಷದ ಲೆಕ್ಕದ ಶಿಸ್ತು ಜೊತೆಗೇ ಬಂದಿತ್ತು, ಆದರೆ ಎರೆಮಣ್ಣು ಆ ಶಿಸ್ತಿಗೆ ಒಗ್ಗುವಂಥದ್ದಲ್ಲ. ಬೇಸಿಗೆಯಲ್ಲಿ ಬಿರುಕುಬಿಟ್ಟು ಕಲ್ಲಿನಂತೆ ಗಟ್ಟಿಯಾಗುವ ಈ ನೆಲ ಒಂದು ಹದಮಳೆ ಬಿದ್ದರೆ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಒಣ ತಿಂಗಳುಗಳಲ್ಲಿ ಮಾತ್ರ ವಾಹನ ಹೋಗಬಲ್ಲ ಇಂಥ ಮಣ್ಣುದಾರಿಗಳನ್ನು ಲೋಕೋಪಯೋಗಿ ಇಲಾಖೆಯ ಭಾಷೆಯಲ್ಲಿ ‘ಫೇರ್ ವೆದರ್ ರೋಡ್’ ಎಂದು ಕರೆಯುತ್ತಿದ್ದರು. ಖಡಿ ಹಾಕಿದ ರಸ್ತೆ ಎಲ್ಲಿಗೆ ಮುಗಿಯುತ್ತದೆಯೋ ಮಳೆಗಾಲದ ಬಸ್ಸೂ ಅಲ್ಲಿಗೇ ಮುಗಿಯುತ್ತಿತ್ತು. ಡಾಂಬರು ಬಂದ ಮೇಲೆ ಮಣ್ಣಿನ ಕಾಟ ಕಡಿಮೆಯಾಯಿತು, ನೀರಿನದು ಆಗಲಿಲ್ಲ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಭಾರಿ ಪ್ರಮಾಣದ ನೀರು ಬಿಟ್ಟಾಗ ಶಹಾಪುರ–ದೇವದುರ್ಗ ರಸ್ತೆಯ ಕೊಳ್ಳೂರು (ಎಂ) ಸೇತುವೆ ಮುಳುಗಿ, ರಾಯಚೂರಿನ ಕಡೆಗೆ ಹೋಗುವ ವಾಹನಗಳು ಬಳಸುದಾರಿ ಹಿಡಿಯಬೇಕಾಯಿತು. ತಾಳಿಕೋಟೆಯ ಕಡೆ ಡೋಣಿ ಉಕ್ಕಿದಾಗ ಹಡಗಿನಾಳದ ಸೇತುವೆಗೂ ಇದೇ ಗತಿ.

ಮಳೆಯಂತೆಯೇ ಜಾತ್ರೆಯೂ ಸಾರಿಗೆಯ ಒಂದು ಋತುವೆಂಬುದನ್ನು ಕಾನೂನು ಬಹಳ ಹಿಂದೆಯೇ ಒಪ್ಪಿತ್ತು. 1939ರ ಮೋಟಾರು ವಾಹನ ಕಾಯಿದೆಯ 62ನೆಯ ಪ್ರಕರಣ, ಜಾತ್ರೆ ಮತ್ತು ಧಾರ್ಮಿಕ ಸಮಾವೇಶಗಳಿಗೆ ಜನರನ್ನು ಒಯ್ಯಲು, ಹಂಗಾಮಿನ ವ್ಯವಹಾರಕ್ಕೆ ಅಥವಾ ತಾತ್ಕಾಲಿಕ ಅಗತ್ಯಕ್ಕೆ ನಾಲ್ಕು ತಿಂಗಳಿಗೆ ಮೀರದ ರಹದಾರಿ ಕೊಡಲು ಅವಕಾಶ ಮಾಡಿತ್ತು. 1988ರ ಕಾಯಿದೆಯ 87ನೆಯ ಪ್ರಕರಣದಲ್ಲಿ ಇದೇ ವಿಧಿ ಮುಂದುವರಿದಿದೆ. ಈ ಸೀಮೆಯಲ್ಲಿ ಅದಕ್ಕೆ ಕೆಲಸವೂ ಸಾಕಷ್ಟಿತ್ತು. ಮೈಲಾಪುರದ ಮೈಲಾರಲಿಂಗನ ಜಾತ್ರೆ ಸಂಕ್ರಾಂತಿಗೆ ಬರುವುದರಿಂದ ಅದು ಸೌರಮಾನದ ಲೆಕ್ಕ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆ ಕೃಷ್ಣಾಷ್ಟಮಿಯ ಹೊತ್ತಿಗೆ, ಕಲಬುರಗಿಯ ಶರಣಬಸವೇಶ್ವರ ರಥೋತ್ಸವ ಹೋಳಿ ಕಳೆದ ಐದನೆಯ ದಿನಕ್ಕೆ, ಶ್ರೀಶೈಲದ ಯಾತ್ರೆ ಯುಗಾದಿಗೆ ಬರುವುದರಿಂದ ಇವು ತಿಥಿಯನ್ನು ಅನುಸರಿಸುತ್ತವೆ. ಹಿಂದೂಗಳೂ ಮುಸಲ್ಮಾನರೂ ಕೂಡಿ ಆಚರಿಸುವ ಮೊಹರಂ ಮಾತ್ರ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ: 2009ರಲ್ಲಿ ಡಿಸೆಂಬರ್ ಕೊನೆಯಲ್ಲಿದ್ದ ಅದರ ಕೊನೆಯ ದಿನ 2024ರಲ್ಲಿ ಜುಲೈ 17ಕ್ಕೆ ಬಂದಿತ್ತು. ಹೀಗೆ ಮೂರು ಬಗೆಯ ಪಂಚಾಂಗಗಳನ್ನು ಒಟ್ಟಿಗೆ ನೋಡದೆ ಈ ಭಾಗದ ಡಿಪೊ ವರ್ಷದ ಯೋಜನೆ ಹಾಕುವಂತಿಲ್ಲ. ಇದರ ಮೇಲೆ, ಬಿಸಿಲಿನ ಕಾರಣಕ್ಕೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯುವ ರೂಢಿಯೂ ಉಂಟು.

ಒಂದು ಬಸ್ಸು ಮತ್ತು ಅದರ ಸಿಬ್ಬಂದಿ ಒಂದು ಪಾಳಿಯಲ್ಲಿ ಮಾಡಬೇಕಾದ ಟ್ರಿಪ್ಪುಗಳ ಕಟ್ಟಿಗೆ ನಿಗಮದ ಭಾಷೆಯಲ್ಲಿ ‘ಅನುಸೂಚಿ’ ಎನ್ನುತ್ತಾರೆ. ರಾತ್ರಿ ಹಳ್ಳಿಯಲ್ಲೇ ತಂಗಿ ನಸುಕಿನಲ್ಲಿ ಹೊರಡುವುದು ‘ವಸ್ತಿ ಬಸ್ಸು’. ಜಾತ್ರೆಗೆ ಬಿಡುವ ‘ವಿಶೇಷ’ ಬಸ್ಸುಗಳು ಹೊಸದಾಗಿ ಬರುವಂಥವಲ್ಲ, ಇಂಥ ದಿನನಿತ್ಯದ ಅನುಸೂಚಿಗಳಿಂದಲೇ ಬಹುಪಾಲು ತೆಗೆದುಕೊಂಡಂಥವು. ಹೆಚ್ಚುವರಿ ಬಸ್ಸುಗಳ ಸಂಖ್ಯೆ ಪತ್ರಿಕಾ ಪ್ರಕಟಣೆಯಲ್ಲಿ ಬರುತ್ತದೆ, ಅದಕ್ಕಾಗಿ ಹಳ್ಳಿಗಳಲ್ಲಿ ರದ್ದಾದ ಟ್ರಿಪ್ಪುಗಳ ಪಟ್ಟಿ ಎಲ್ಲಿಯೂ ಬರುವುದಿಲ್ಲ. ಋತುಮಾನದ ಬದಲಾವಣೆಯ ಅರ್ಧ ಚರಿತ್ರೆ ಹೀಗೆ ದಾಖಲೆಯಿಂದ ಹೊರಗೇ ಉಳಿದಿದೆ.

ಇತ್ತೀಚಿನ ದಶಕಗಳಲ್ಲಿ ಜಾತ್ರೆಯನ್ನೂ ಮೀರಿಸಿದ ಋತುವೆಂದರೆ ಗುಳೆ, ಅಂದರೆ ಊರಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಸಂಸಾರಸಮೇತ ದುಡಿಮೆಗೆ ಹೊರಹೋಗುವುದು. 1972ರ ಬರದಂಥ ಸಂದರ್ಭಗಳಲ್ಲಿ ಆಪತ್ತಿನ ದಾರಿಯಾಗಿದ್ದ ಇದು ಕ್ರಮೇಣ ವರ್ಷದ ಲಯವೇ ಆಯಿತು. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ನೀರು ಹರಿದ ಹಳ್ಳಿಗಳಲ್ಲಿ ಭತ್ತದ ನಾಟಿಗೆ ಹೊರಗಿನವರು ಬರತೊಡಗಿದರು, ನೀರು ತಲುಪದ ಹಳ್ಳಿಗಳವರು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ಗಳ ಕಟ್ಟಡ ಕೆಲಸಕ್ಕೆ ಹೋಗುವುದನ್ನು ಬಿಡಲಿಲ್ಲ. ಸುಗ್ಗಿ ಮುಗಿದ ಮೇಲೆ ಹೋಗುವ ದಟ್ಟಣೆ, ಯುಗಾದಿ, ಮೊಹರಂ, ದೀಪಾವಳಿಗಳಿಗೆ ಮರಳುವ ದಟ್ಟಣೆ, ಮುಂಗಾರಿನ ಬಿತ್ತನೆಗೆ ಇನ್ನೊಮ್ಮೆ ಊರು ಸೇರುವ ದಟ್ಟಣೆ: ಸುಮಾರು 500 ಕಿಲೋಮೀಟರ್ ದೂರದ ಬೆಂಗಳೂರಿನ ರಾತ್ರಿ ಬಸ್ಸು ಒಂದು ದಿಕ್ಕಿನಲ್ಲಿ ಕಿಕ್ಕಿರಿದು ಇನ್ನೊಂದು ದಿಕ್ಕಿನಲ್ಲಿ ಖಾಲಿ ಓಡುವುದು ಈ ಕಾರಣದಿಂದ.

ಈ ಲಯ ಎಷ್ಟು ಗಟ್ಟಿಯಾಗಿದೆಯೆಂಬುದು ಅದು ತಪ್ಪಿದ ವರ್ಷಗಳಲ್ಲಿ ಕಂಡಿತು. 2020ರ ಮಾರ್ಚ್ ಕೊನೆಯ ವಾರ, ಯುಗಾದಿಯ ಹೊಸ್ತಿಲಲ್ಲೇ ಲಾಕ್‌ಡೌನ್‌ನಿಂದ ಬಸ್ಸುಗಳು ನಿಂತು, ಮೇ ಮೊದಲ ವಾರ ಸರ್ಕಾರ ಕಾರ್ಮಿಕರಿಗೆ ಬೆಂಗಳೂರಿನಿಂದ ಉಚಿತ ಬಸ್ಸು ಬಿಡುವವರೆಗೆ ಮರಳುವ ದಾರಿ ಇರಲಿಲ್ಲ. ಮರುವರ್ಷ ಸಾರಿಗೆ ನೌಕರರು ಏಪ್ರಿಲ್ 7ರಿಂದ ಮುಷ್ಕರ ಹೂಡಿದಾಗಲೂ ನಡುವೆ ಬಂದದ್ದು ಯುಗಾದಿಯೇ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣವನ್ನು ಉಚಿತಗೊಳಿಸಿದೆ. ಅಂತರರಾಜ್ಯ ಬಸ್ಸುಗಳಿಗೆ ಅದು ಅನ್ವಯಿಸದ ಕಾರಣ, ಹಬ್ಬಕ್ಕೆಂದು ಪುಣೆ ಅಥವಾ ಹೈದರಾಬಾದ್‌ನಿಂದ ನಿಗಮದ ಬಸ್ಸಿನಲ್ಲಿ ಹೊರಡುವ ಹೆಣ್ಣುಮಕ್ಕಳು ಈಗಲೂ ಪೂರ್ತಿ ಟಿಕೆಟ್ ತೆಗೆದುಕೊಂಡೇ ಊರಿಗೆ ಬರುತ್ತಾರೆ.